ಗಾಜು ಬೆವರುವ ಊರಿನಲ್ಲಿ ಡಿಸ್‌ಪ್ಲೇ ಕೌಂಟರ್: ಕೂರಿಸುವುದು, ಕಾಪಾಡುವುದು

ಡಿಸ್‌ಪ್ಲೇ ಕೌಂಟರ್, ಅಂದರೆ ಅಂಗಡಿಯ ಮುಂದೆ ಮಾಲು ಕಾಣುವ ಹಾಗೆ ಇಡುವ ಗಾಜಿನ ತಂಪು ಪೆಟ್ಟಿಗೆ; ಅದನ್ನು ಕೂರಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ಜೂನ್ ಎರಡನೇ ವಾರ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಮಲ್ಪೆಯಿಂದ ಉಳ್ಳಾಲದವರೆಗೆ ಎಲ್ಲರದ್ದೂ ಒಂದೇ ದೂರು: "ಗಾಜಿನ ಮೇಲೆ ಪೂರಾ ನೀರು ಮಾರಾಯ್ರೆ, ಒಳಗೆ ಕೇಕ್ ಉಂಟೋ ಇಲ್ವೋ ಗಿರಾಕಿಗೆ ಕಾಣುದೇ ಇಲ್ಲ. ಗ್ಯಾಸ್ ಹೋಗಿರ್ಬೇಕು." ಹೋಗಿ ನೋಡಿದರೆ ಹೆಚ್ಚಿನ ಕಡೆ ಗ್ಯಾಸ್ ಸರಿಯಾಗಿರುತ್ತದೆ, ಕಂಪ್ರೆಸರ್ ಸರಿಯಾಗಿರುತ್ತದೆ. ಎಡವಟ್ಟು ಆದದ್ದು ಕೌಂಟರ್ ಕೊಂಡ ದಿನ, ಇಲ್ಲವೇ ಅದನ್ನು ಕೂರಿಸಿದ ದಿನ.

ಬಯಲುಸೀಮೆಯ ಅಂಗಡಿಯಲ್ಲಿ ಇಂಥ ಕೌಂಟರಿಗೆ ಬಿಸಿಲಿನದ್ದೇ ಕಾಟ. ನಮ್ಮ ಕರಾವಳಿಯ ಸೆಕೆ ಬೇರೆ ಜಾತಿಯದ್ದು, ಇಲ್ಲಿ ಕಾಟ ಕೊಡುವುದು ಗಾಳಿಯೊಳಗಿನ ನೀರು. ಹಾಗಾಗಿ ಕೌಂಟರ್ ಕೊಳ್ಳುವಾಗ, ಕೂರಿಸುವಾಗ, ತೊಳೆಯುವಾಗ ನಾನು ಕೇಳುವ ಪ್ರಶ್ನೆ ಒಂದೇ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಕೊಳ್ಳುವ ಮೊದಲು

ಒಳಗೆ ಏನಿಡುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲಕ್ಕೂ ಒಂದೇ ಪೆಟ್ಟಿಗೆ ಎಂದು ಹೊರಟವರು ಕೊನೆಗೆ ಎರಡು ಕೊಂಡದ್ದನ್ನು ನೋಡಿದ್ದೇನೆ. ಕ್ರೀಮ್ ಕೇಕ್, ಪೇಸ್ಟ್ರಿ, ಪನೀರ್, ಕಟ್ಟಿಟ್ಟ ಮೊಸರು, ದೋಸೆ ಹಿಟ್ಟಿನ ಪ್ಯಾಕೆಟ್ ಇವೆಲ್ಲ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಹೆಪ್ಪುಗಟ್ಟಿದ ಪದಾರ್ಥ ಮೈನಸ್ 18ರಲ್ಲಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೂ ಇದನ್ನೇ ಹೇಳುತ್ತದೆ. ಐದರಿಂದ ಅರವತ್ತು ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಕ್ಕೆ ಹಬ್ಬ.

ಚಾಕೊಲೇಟಿಗೆ ಅಷ್ಟು ತಂಪು ಬೇಡ, 15ರಿಂದ 18 ಡಿಗ್ರಿ ಸಾಕು. ಕೇಕಿನ ಜೊತೆ ಇಟ್ಟು ಹೊರಗೆ ತೆಗೆದರೆ ಮೈಮೇಲೆ ನೀರು ಕೂತು, ಒಣಗಿದ ಮೇಲೆ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ತುಪ್ಪದ ಮೈಸೂರುಪಾಕನ್ನು ತಣ್ಣನೆಯ ಕೌಂಟರಿನಲ್ಲಿ ಇಡುವವರಿಗೆ ನಾನೇನೂ ಹೇಳುವುದಿಲ್ಲ, ಅದನ್ನು ಕಚ್ಚಿದ ಗಿರಾಕಿ ಹೇಳುತ್ತಾನೆ. ಐಸ್‌ಕ್ರೀಮಿನಲ್ಲಿ ಎರಡು ಬಗೆ. ದಾಸ್ತಾನು ಮೈನಸ್ 18ರ ಡೀಪ್ ಫ್ರೀಜರಿನಲ್ಲಿ, ಸ್ಕೂಪ್ ಹಾಕುವ ಕೌಂಟರ್ ಮೈನಸ್ 12ರಿಂದ 15ರ ಆಸುಪಾಸಿನಲ್ಲಿ. ಗಡ್‌ಬಡ್ ನಮ್ಮದೇ ಎಂದು ಉಡುಪಿಯವರೂ ಹೇಳುತ್ತಾರೆ, ಮಂಗಳೂರಿನವರೂ ಹೇಳುತ್ತಾರೆ. ಆ ತಕರಾರು ಅವರಿಗೇ ಇರಲಿ. ಮೈನಸ್ 18ರ ಐಸ್‌ಕ್ರೀಮಿನಲ್ಲಿ ಗಡ್‌ಬಡ್ ಕಟ್ಟಲು ಹೋದರೆ ಹುಡುಗನ ಮಣಿಕಟ್ಟು ಉಳಿಯುವುದಿಲ್ಲ.

ಈಗ ಮುಖ್ಯ ಸಂಗತಿ. ಕೌಂಟರಿನ ಹಿಂದೆ ಅಥವಾ ಒಳಬದಿಯಲ್ಲಿ ಒಂದು ತಗಡಿನ ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಕ್ಲೈಮೇಟ್ ಕ್ಲಾಸ್ ಎಂದು ಒಂದು ಅಂಕಿ ಇರುತ್ತದೆ. ಕ್ಲಾಸ್ 3 ಎಂದರೆ 25 ಡಿಗ್ರಿ ಉಷ್ಣತೆ, ಶೇ. 60 ತೇವಾಂಶದಲ್ಲಿ ಪರೀಕ್ಷಿಸಿದ್ದು. ಕ್ಲಾಸ್ 4 ಎಂದರೆ 30 ಡಿಗ್ರಿ, ಶೇ. 55. ಕ್ಲಾಸ್ 5 ಎಂದರೆ 40 ಡಿಗ್ರಿ, ಶೇ. 40. ಐದು ದೊಡ್ಡದಲ್ಲವೇ, ಅದನ್ನೇ ಕೊಡಿ ಎನ್ನಬೇಡಿ. ಅದು ಒಣ ಸೆಕೆಯ ಊರಿನ ಲೆಕ್ಕ. ನಮ್ಮ ಹವೆಗೆ ಹತ್ತಿರದ್ದು ಕ್ಲಾಸ್ 7: 35 ಡಿಗ್ರಿ, ಶೇ. 75.

ಇದು ಯಾಕೆ ಮುಖ್ಯ ಎಂದರೆ, ಯಾವುದೇ ಗಾಳಿಗೂ ನೀರು ಬಿಡುವ ಒಂದು ಉಷ್ಣತೆ ಇರುತ್ತದೆ, ಇಬ್ಬನಿಬಿಂದು. ಕ್ಲಾಸ್ 3ರ ಪರೀಕ್ಷಾ ಕೋಣೆಯಲ್ಲಿ ಅದು ಸುಮಾರು 17 ಡಿಗ್ರಿ; ಗಾಜಿನ ಹೊರಮೈ 17ಕ್ಕಿಂತ ತಣ್ಣಗಾದರೆ ಮಾತ್ರ ಬೆವರುತ್ತದೆ. ಜುಲೈ ತಿಂಗಳ ಮಂಗಳೂರಿನ ಅಂಗಡಿಯೊಳಗೆ 30 ಡಿಗ್ರಿ, ಶೇ. 85 ತೇವ ಇದ್ದರೆ ಇಬ್ಬನಿಬಿಂದು 27 ಡಿಗ್ರಿ. ಅಂದರೆ ಅಂಗಡಿಯ ಗಾಳಿಗಿಂತ ಬರೀ ಮೂರು ಡಿಗ್ರಿ ತಣ್ಣಗಿದ್ದರೂ ಗಾಜು ಒದ್ದೆ. ಒಂದೇ ಪದರದ ಬಾಗಿದ ಗಾಜು ನೋಡಲು ಚೆಂದ, ಈ ಪರೀಕ್ಷೆಯಲ್ಲಿ ಮಾತ್ರ ನಿಶ್ಚಿತ ಫೇಲು. ಎರಡು ಪದರದ ಗಾಜು ಕೇಳಿ, ಗಾಜಿಗೆ ಅಥವಾ ಚೌಕಟ್ಟಿಗೆ ಹೀಟರ್ ಇರುವುದಾದರೆ ಇನ್ನೂ ಒಳ್ಳೆಯದು. ತಂಪು ಪೆಟ್ಟಿಗೆಗೆ ಹೀಟರ್ ಎಂತಕ್ಕೆ ಎಂದು ನಗಬೇಡಿ. ಗಾಜಿನ ಹೊರಮೈಯನ್ನು ಆ 27ರ ಮೇಲೆ ಇಡುವುದೊಂದೇ ಅದರ ಕೆಲಸ.

ಕಡಲಿನ ಹತ್ತಿರ ಅಂಗಡಿಯಿದ್ದರೆ ಕಂಡೆನ್ಸರಿನ, ಅಂದರೆ ಬಿಸಿಯನ್ನು ಹೊರಗೆ ಬಿಡುವ ಕಾಯಿಲಿನ, ರೆಕ್ಕೆಗಳಿಗೆ ಲೇಪನ ಇದೆಯೇ ನೋಡಿ, ಸಾಮಾನ್ಯವಾಗಿ ನೀಲಿ ಬಣ್ಣದ್ದು. ಬರಿಯ ಅಲ್ಯೂಮಿನಿಯಂ ರೆಕ್ಕೆ ಉಪ್ಪುಗಾಳಿಗೆ ಬಿಳಿ ಹಿಟ್ಟಾಗಿ ಉದುರುತ್ತದೆ. ಪಟ್ಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದೂ ಬರೆದಿರುತ್ತದೆ. ಅದರ ಫೋಟೊ ಈಗಲೇ ತೆಗೆದಿಟ್ಟುಕೊಳ್ಳಿ. ಎರಡು ಮಳೆಗಾಲ ಕಳೆದ ಮೇಲೆ ಆ ಅಕ್ಷರ ಯಾರಿಗೂ ಓದಲಿಕ್ಕೆ ಬರುವುದಿಲ್ಲ.

ಜಾಗ

ಬೇಕರಿಯವರಿಗೆ ಕೌಂಟರ್ ರಸ್ತೆಗೆ ಕಾಣಬೇಕು. ನಮ್ಮ ಅಂಗಡಿಗಳಿಗೆ ಬಾಗಿಲೇ ಇಲ್ಲ, ಶಟರ್ ಎತ್ತಿದರೆ ಒಳಗೂ ಹೊರಗೂ ಒಂದೇ ಗಾಳಿ. ಪಡುವಣ ಮುಖದ ಅಂಗಡಿಯಾದರೆ ಮಧ್ಯಾಹ್ನ ಮೂರರ ನಂತರ ಬಿಸಿಲು ನೇರ ಗಾಜಿನ ಮೇಲೆ, ಮಳೆಗಾಲದಲ್ಲಿ ಎರಚಲೂ ಅಲ್ಲಿಗೇ. ಶಟರಿನಿಂದ ಆರು ಅಡಿಯಾದರೂ ಒಳಗೆ ಸರಿಸಿ, ಮುಂದೆ ಒಂದು ಛಾವಣಿ ಇಳಿಸಿ.

ಹಿಂಬದಿಗೆ ಗೋಡೆಯಿಂದ ಅರ್ಧ ಅಡಿ ಬಿಡಿ; ತಯಾರಕರು ಹೆಚ್ಚು ಹೇಳಿದ್ದರೆ ಹೆಚ್ಚು. ಕಂಪ್ರೆಸರ್ ಬಿಸಿಗಾಳಿ ಬಿಡುವ ಬದಿಗೆ ಹಿಟ್ಟಿನ ಚೀಲ, ಕೇಕಿನ ಡಬ್ಬಿ ಒಟ್ಟಬೇಡಿ. ಇವತ್ತು ಖಾಲಿ ಇರುವ ಆ ಅರ್ಧ ಅಡಿಗೆ ನಾಳೆ ಕಸಬರಿಕೆ ಬರುತ್ತದೆ, ನಾಡಿದ್ದು ಖಾಲಿ ಬಾಟಲಿ ಕ್ರೇಟು ಬರುತ್ತದೆ. ಗೋಳಿಬಜೆ ಕಾಯಿಸುವ ಬಾಣಲೆ ಹತ್ತು ಅಡಿ ದೂರ ಇರಲಿ. ಬಿಸಿಗಿಂತ ಅದರ ಎಣ್ಣೆಹೊಗೆ ಕೆಟ್ಟದು, ಕಾಯಿಲಿನ ಮೇಲೆ ಗೋಂದಿನ ಹಾಗೆ ಕೂರುತ್ತದೆ.

ಫ್ಯಾನಿನ ವಿಚಾರದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದವನು. ಎದುರು ತೆರೆದಿರುವ ಕೌಂಟರಿನಲ್ಲಿ ಮೇಲಿನಿಂದ ಕೆಳಕ್ಕೆ ತಣ್ಣನೆಯ ಗಾಳಿಯ ಪರದೆ ಇಳಿಯುತ್ತಿರುತ್ತದೆ, ಒಳಗಿನ ತಂಪನ್ನು ಕಾಯುವುದು ಅದೇ. ಉಡುಪಿಯ ಒಂದು ಅಂಗಡಿಯಲ್ಲಿ ಅಂಥ ಕೌಂಟರನ್ನು ಸೀಲಿಂಗ್ ಫ್ಯಾನಿನ ಕೆಳಗೇ ಕೂರಿಸಿ ಬಂದೆ. ಮರುದಿನವೇ ಒಳಗೆ 11 ಡಿಗ್ರಿ. ಮೂರು ಸಲ ಓಡಾಡಿ, ಡಿಗ್ರಿ ಹೊಂದಿಸುವ ಕಂಟ್ರೋಲರ್ ಬದಲಿಸಿ, ಕೊನೆಗೆ ಕರೆಂಟು ಹೋಗಿ ಬಂದ ಹೊತ್ತಿನಲ್ಲಿ ಯಾರೋ ಫ್ಯಾನ್ ಹಾಕಲು ಮರೆತಾಗ ಡಿಗ್ರಿ ತಾನಾಗಿ ಇಳಿಯಿತು. ಅಂಗಡಿಯ ಮಾಮ್ ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ. ಮುಚ್ಚಿದ ಗಾಜಿನ ಕೌಂಟರಿಗೆ ಈ ಮಾತು ತಿರುವುಮುರುವು: ಹೊರಗಿನಿಂದ ಗಾಜಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಬೆವರು ಬೇಗ ಆರುತ್ತದೆ.

ನೆಲ ಸಮ ಇದೆಯೇ ಎಂದು ಕಣ್ಣಳತೆಯಲ್ಲಿ ನೋಡದೆ ರಸಮಟ್ಟ ಇಟ್ಟು ನೋಡಿ. ನೀರು ಹೋಗುವ ತೂತಿನ ಬದಿಗೆ ಕೂದಲೆಳೆಯಷ್ಟು ಇಳಿಜಾರು ಇರಲಿ. ಕಾಲುಗಳು ನಾಲ್ಕು ಇಂಚಾದರೂ ಎತ್ತರ ಬೇಕು. ಅಂಗಡಿ ತೊಳೆದ ನೀರು ಅಡಿಯ ತಗಡಿಗೆ ತಾಗಿದರೆ ತುಕ್ಕು ಅಲ್ಲಿಂದಲೇ ಶುರು.

ಇನ್ನು ಒಳಗಿನ ತಣ್ಣನೆಯ ಕಾಯಿಲಿನಿಂದ ಇಳಿಯುವ ನೀರಿನ ದಾರಿ. ಹೆಚ್ಚಿನ ಕೌಂಟರುಗಳ ಅಡಿಯಲ್ಲಿ ಒಂದು ತಟ್ಟೆ ಇಟ್ಟು, ಕಂಪ್ರೆಸರಿನ ಬಿಸಿ ಕೊಳವೆಯ ಶಾಖಕ್ಕೆ ನೀರು ತಾನಾಗಿ ಆವಿಯಾಗುವ ಹಾಗೆ ಮಾಡಿರುತ್ತಾರೆ. ಮಾರುವವರು ಇದನ್ನು ಹೆಮ್ಮೆಯಿಂದ ತೋರಿಸುತ್ತಾರೆ: "ಡ್ರೈನ್ ಕನೆಕ್ಷನ್ ಬೇಡವೇ ಬೇಡ ಸರ್." ಜನವರಿಯಲ್ಲಿ ಬೇಡ, ಒಪ್ಪಿದೆ. ಜುಲೈಯಲ್ಲಿ ಬಚ್ಚಲಲ್ಲಿ ಒಣಹಾಕಿದ ಬನಿಯನ್ ಮೂರು ದಿನಕ್ಕೂ ಆರದ ಊರಿದು, ತಟ್ಟೆಯ ನೀರು ಎಲ್ಲಿಂದ ಆರಬೇಕು? ಅದೂ ಒಳಗಿನ ಕಾಯಿಲ್ ಬೇಸಗೆಗಿಂತ ಹೆಚ್ಚು ನೀರು ಇಳಿಸುವ ಕಾಲದಲ್ಲಿ. ಮೊದಲ ದಿನವೇ ಪ್ಲಂಬರನ್ನು ಕರೆಸಿ ಪೈಪ್ ಹಾಕಿಸಿ, ನೆಲದ ಜಾಲರಿಗೆ ಇಳಿಸಿ. ಮಧ್ಯೆ ಒಂದು ಯು ಆಕಾರದ ಬಾಗು ಇರಲಿ, ಇಲ್ಲದಿದ್ದರೆ ಚರಂಡಿಯ ನಾತವೂ ಜಿರಳೆಯೂ ಅದೇ ದಾರಿಯಲ್ಲಿ ಕೇಕಿನವರೆಗೆ ಬರುತ್ತವೆ. ತಟ್ಟೆಯನ್ನೇ ನಂಬಿ ಕೂರುವುದಾದರೆ ವಾರಕ್ಕೆ ಎರಡು ಸಲ ತೆಗೆದು ಉಜ್ಜಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿಯಾಗಲು ಏಳೆಂಟು ದಿನ ಸಾಕು.

ಕರೆಂಟು

ಕೌಂಟರಿಗೆ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್), 16 ಆಂಪಿಯರ್ ಸಾಕೆಟ್. ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಮಿಕ್ಸಿಯ ಜೊತೆ ಸಿಕ್ಕಿಸಬೇಡಿ. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ತೆಳ್ಳಗಿನ ವಯರಿನಲ್ಲಿ ಆ ಹೊತ್ತಿಗೆ ವೋಲ್ಟೇಜ್ ಬಿದ್ದು, ಮೋಟಾರ್ ತಿರುಗದೆ ಗುಂಯ್ ಎನ್ನುತ್ತಾ ಬಿಸಿಯಾಗಿ ಕೂರುತ್ತದೆ.

ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಶುರುವಾದ ಮೇಲೆ ಕರೆಂಟು ಹೇಗೆ ಬಂದು ಹೋಗಿ ಆಟವಾಡುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹೋದ ಕರೆಂಟು ಹತ್ತು ಸೆಕೆಂಡಿನಲ್ಲಿ ಬಂದರೆ ಒಳಗಿನ ಗ್ಯಾಸಿನ ಒತ್ತಡ ಇನ್ನೂ ಇಳಿದಿರುವುದಿಲ್ಲ, ಆ ಒತ್ತಡದ ವಿರುದ್ಧ ಕಂಪ್ರೆಸರ್ ಒದ್ದಾಡುತ್ತದೆ. ಮೂರು ನಿಮಿಷ ತಡೆದು ಕರೆಂಟು ಬಿಡುವ ಸ್ಟೆಬಿಲೈಜರ್ ಬೇಕು. ಅದಿಲ್ಲದವರು ಕರೆಂಟು ಹೋದ ಕೂಡಲೇ ಸ್ವಿಚ್ ಆಫ್ ಮಾಡಿ, ಬಂದು ಮೂರು ನಿಮಿಷ ಕಳೆದ ಮೇಲೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಲೈಟಿಗೆಂದು ಕೊಂಡ ಸ್ಕ್ವೇರ್ ವೇವ್ ಇನ್ವರ್ಟರಿಗೆ ಕೌಂಟರ್ ಸಿಕ್ಕಿಸುವ ಯೋಚನೆ ಬಿಟ್ಟುಬಿಡಿ. ಲೈನ್ ಸತ್ತೇಹೋದರೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ, ಕೌಂಟರಿನ ಬಾಗಿಲು ಮುಚ್ಚಿಯೇ ಇರಲಿ.

ಅರ್ತಿಂಗ್ ಬಗ್ಗೆ ಒಂದು ಮಾತು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ಅರ್ತಿಂಗ್ ಚೆನ್ನಾಗಿ ಸಿಗುತ್ತದೆ, ಮಾರ್ಚ್–ಏಪ್ರಿಲಿಗೆ ಒಣಗಿ ಕೈಕೊಡುತ್ತದೆ. ಬೇಸಗೆಯಲ್ಲಿ ಅರ್ತಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ, ವರ್ಷಕ್ಕೊಮ್ಮೆ ಎಲೆಕ್ಟ್ರಿಶಿಯನ್ ಕೈಯಲ್ಲಿ ಅಳತೆ ಮಾಡಿಸಿ. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮಳೆಗಾಲದಲ್ಲಿ ಅದು ಪದೇಪದೇ ಬೀಳುತ್ತದೆ ಎಂದು ಬೈಪಾಸ್ ಮಾಡಿಸುವವರಿದ್ದಾರೆ. ಅದು ಬೀಳುವುದು ಎಲ್ಲೋ ವಯರಿಗೆ ನೀರು ತಾಗಿದ್ದಕ್ಕೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಆ ಸ್ಟೀಲ್ ಬಾಗಿಲು ಹಿಡಿಯುವುದು ನಿಮ್ಮ ಅಂಗಡಿಯ ಹುಡುಗ.

ಮೊದಲ ದಿನ

ಟೆಂಪೊದಿಂದ ಇಳಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ಘಾಟಿಯ ತಿರುವುಗಳಲ್ಲಿ ಕುಲುಕಿ ಬಂದ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹೋಗಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕಾರು ಗಂಟೆ ಬಿಡಿ, ಮಲಗಿಸಿ ತಂದಿದ್ದರೆ ಒಂದು ದಿನ. ಆಮೇಲೆ ಖಾಲಿಯಾಗಿ ಓಡಿಸಿ. ಹೇಳಿದ ಡಿಗ್ರಿಗೆ ಇಳಿದು, ಕಂಪ್ರೆಸರ್ ತಾನಾಗಿ ನಿಂತು, ಮತ್ತೆ ಹೊರಡುವುದನ್ನು ಎರಡು ಮೂರು ಸಲ ನೋಡಿದ ಮೇಲೆಯೇ ಮಾಲು ತುಂಬಿ.

ತುಂಬುವ ಮಾಲು ಮೊದಲೇ ತಣ್ಣಗಾಗಿರಬೇಕು. ಡಿಸ್‌ಪ್ಲೇ ಕೌಂಟರ್ ತಂಪನ್ನು ಕಾಯುವ ಪೆಟ್ಟಿಗೆ, ಬಿಸಿಯನ್ನು ತಂಪು ಮಾಡುವಷ್ಟು ತಾಕತ್ತು ಅದಕ್ಕೆ ಕೊಟ್ಟಿಲ್ಲ. ಓವನ್ನಿನಿಂದ ಇಳಿಸಿದ ಸ್ಪಂಜ್ ಕೇಕ್ ಒಳಗಿಟ್ಟರೆ ಅದರ ಹಬೆಯೆಲ್ಲ ಕಾಯಿಲಿನ ಮೇಲೆ ಮಂಜುಗಡ್ಡೆಯಾಗುತ್ತದೆ. ಶೆಲ್ಫಿನ ಸರಳುಗಳ ಮೇಲೆ ಹಳೆಯ ಪೇಪರ್ ಹಾಸುವುದನ್ನೂ ಎಲ್ಲ ಕಡೆ ನೋಡುತ್ತೇನೆ. ಗಾಳಿ ಓಡಾಡಲೆಂದೇ ಅಲ್ಲಿ ಸರಳು ಇಟ್ಟದ್ದು; ಪೇಪರ್ ಹಾಸಿದರೆ ಮೇಲಿನ ಅರೆಯಲ್ಲಿ 4 ಡಿಗ್ರಿ, ಕೆಳಗಿನದರಲ್ಲಿ 10.

ಬಾಗಿಲಿನ ರಬ್ಬರನ್ನು ಅಂದೇ ಪರೀಕ್ಷಿಸಿ. ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಮುಚ್ಚಿ, ಮೆಲ್ಲನೆ ಎಳೆಯಿರಿ. ಹಿಡಿದು ಬಿಡುತ್ತಾ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಗಾಳಿ ನುಗ್ಗುತ್ತದೆ. ನಾಲ್ಕೂ ಬದಿಯಲ್ಲಿ, ಮೂಲೆಗಳಲ್ಲಿ ಮುಖ್ಯವಾಗಿ, ಹೀಗೆ ನೋಡಿ.

ಡಿಗ್ರಿ ಇಳಿಸಿದಷ್ಟೂ ಕೆಡುವುದು

ಮಳೆಗಾಲದಲ್ಲಿ ನನಗೆ ಬರುವ ಅರ್ಧಕ್ಕರ್ಧ ಕರೆಗಳ ಮೂಲ ಇಲ್ಲಿದೆ. ಒಳಗೆ 8 ಡಿಗ್ರಿ ತೋರಿಸುತ್ತದೆ. ಮಾಲೀಕರು ಕಂಟ್ರೋಲರನ್ನು 4ರಿಂದ 1ಕ್ಕೆ ಇಳಿಸುತ್ತಾರೆ. ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಕಾಯಿಲಿನ ಮೇಲೆ ಕೂತ ನೀರು ಕರಗಲು ಬಿಡುವೇ ಸಿಗದೆ ಗಡ್ಡೆ ಕಟ್ಟುತ್ತದೆ. ರೆಕ್ಕೆಗಳ ನಡುವಿನ ಸಂದು ಮುಚ್ಚಿ ಫ್ಯಾನಿನ ಗಾಳಿ ದಾಟುವುದಿಲ್ಲ. ಒಳಗೆ 10 ಆಗುತ್ತದೆ. ಮಾಲೀಕರು ಮೈನಸ್ 1ಕ್ಕೆ ಇಳಿಸುತ್ತಾರೆ.

ಒಮ್ಮೆ ಹೀಗೇ ಕರೆಸಿಕೊಂಡ ಬೇಕರಿಯಲ್ಲಿ ಹಿಂಬದಿಯ ತಗಡು ಬಿಚ್ಚಿದರೆ ಕಾಯಿಲೇ ಕಾಣಲಿಲ್ಲ, ಇಟ್ಟಿಗೆಯಷ್ಟು ದಪ್ಪದ ಬಿಳಿ ಗಡ್ಡೆ. ಸ್ಕ್ರೂಡ್ರೈವರಿನಲ್ಲಿ ಕುತ್ತಲು ಹೊರಟ ಹುಡುಗನ ಕೈ ಹಿಡಿದೆ. ಕೊಳವೆಗೆ ಒಂದು ತೂತು ಬಿದ್ದರೆ ಕಥೆ ಮುಗಿಯಿತು. ಸ್ವಿಚ್ ತೆಗೆದು, ಬಾಗಿಲು ತೆರೆದು, ಮುಂದೆ ಟೇಬಲ್ ಫ್ಯಾನ್ ಇಟ್ಟು ಕೂತೆವು. ಎರಡು ಗಂಟೆಗೆ ಗಡ್ಡೆ ಜಾರಿತು, ಆದರೆ ನೀರು ಹೊರಗೆ ಹೋಗಲಿಲ್ಲ. ಡ್ರೈನಿನ ತೂತಿಗೆ ಬೆರಳು ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಎಳೆದರೆ ಕಪ್ ಕೇಕಿನ ಮುದುಡಿದ ಕಾಗದ, ಅದರ ಹಿಂದೆ ಬೂಸ್ಟು ಹಿಡಿದ ಕ್ರೀಮಿನ ಲೋಳೆ. ಇಷ್ಟಕ್ಕೆ ಆ ಮನೆಯವರು ಹಿಂದಿನ ತಿಂಗಳು ಬೇರೆ ಯಾರಿಗೋ ದುಡ್ಡು ಕೊಟ್ಟು ಗ್ಯಾಸ್ ತುಂಬಿಸಿದ್ದರು.

ಆದ್ದರಿಂದ ಡಿಗ್ರಿ ಏರಿದರೆ ಮೊದಲು ಕಾಯಿಲ್ ನೋಡಿ. ಗಡ್ಡೆ ಇದ್ದರೆ ಪೂರ್ತಿ ಕರಗಿಸಿ, ಕಂಟ್ರೋಲರನ್ನು 3–4ಕ್ಕೆ ಏರಿಸಿ. ಮಳೆಗಾಲಕ್ಕೆ ಡಿಫ್ರಾಸ್ಟ್ (ಗಡ್ಡೆ ಕರಗಲು ಕೊಡುವ ಬಿಡುವು) ಅಂತರವನ್ನು ಆರು ಗಂಟೆಯಿಂದ ನಾಲ್ಕಕ್ಕೆ ಇಳಿಸಿಕೊಳ್ಳಿ, ನವೆಂಬರಿನಲ್ಲಿ ಮತ್ತೆ ಹಿಂದಕ್ಕೆ. ಕಂಟ್ರೋಲರ್ ತೋರಿಸುವುದು ಒಳಗಿನ ಗಾಳಿಯ ಡಿಗ್ರಿ, ಕೇಕಿನದಲ್ಲ. ಒಂದು ಸಣ್ಣ ಬಾಟಲಿಯಲ್ಲಿ ನೀರು ತುಂಬಿ ಥರ್ಮಾಮೀಟರಿನ ತುದಿ ಮುಳುಗಿಸಿ ಕೇಕುಗಳ ಮಧ್ಯೆ ಇಡಿ. ಬೆಳಿಗ್ಗೆ ಅಂಗಡಿ ತೆಗೆದಾಗ, ಸಂಜೆ ಗಿರಾಕಿ ಜಾಸ್ತಿಯಿರುವಾಗ ಓದಿ ಪುಸ್ತಕದಲ್ಲಿ ಬರೆಯಿರಿ. ಥರ್ಮಾಮೀಟರ್ ಸುಳ್ಳು ಹೇಳುತ್ತಿದೆಯೋ ಎಂಬ ಸಂಶಯಕ್ಕೂ ಸುಲಭದ ಮದ್ದುಂಟು: ಲೋಟದ ತುಂಬ ಪುಡಿ ಐಸ್, ಸ್ವಲ್ಪ ನೀರು, ಚೆನ್ನಾಗಿ ಕಲಸಿ ಮೂರು ನಿಮಿಷ ಅದ್ದಿಡಿ. ಸೊನ್ನೆ ತೋರಿಸಬೇಕು.

ತೊಳೆಯುವುದು

ಗಾಜನ್ನು ದಿನವೂ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಒರೆಸಿ. ತಣ್ಣನೆಯ ಗಾಜಿಗೆ ಕುದಿಯುವ ನೀರು ತಾಗಿದರೆ ಸೀಳುತ್ತದೆ. ಬ್ಲೀಚಿಂಗ್ ನೀರು ಸ್ಟೀಲಿಗೂ ಕಾಯಿಲಿಗೂ ಆಗಿಬರುವುದಿಲ್ಲ. ಉಪ್ಪಿನಕಾಯಿ, ವಿನೆಗರ್ ಹಾಕಿದ ಸಲಾಡ್ ಇಂಥವನ್ನು ಮುಚ್ಚಳವಿಲ್ಲದೆ ಒಳಗಿಡಬೇಡಿ. ಆ ಹುಳಿಯ ಆವಿ ತಾಮ್ರದ ಕೊಳವೆಯನ್ನು ಇರುವೆ ಕೊರೆದ ಹಾಗೆ ಕೊರೆಯುತ್ತದೆ. ಬಿಡಿ ಸಿಹಿತಿಂಡಿ ಮಾರುವವರು ತಟ್ಟೆ ತೊಳೆದಿಡುವಾಗ ಅದರ ಮುಂದಿನ ಚೀಟಿಯ ತಾರೀಕನ್ನೂ ನೋಡಿಕೊಳ್ಳಿ; ಎಷ್ಟು ದಿನದೊಳಗೆ ತಿನ್ನಬೇಕೆಂದು ತೋರಿಸುವ ನಿಯಮ 2020ರ ಅಕ್ಟೋಬರ್ 1ರಿಂದಲೇ ಇದೆ.

ವಾರಕ್ಕೊಮ್ಮೆ ಡ್ರೈನಿಗೆ ಒಂದು ಚೊಂಬು ಬಿಸಿನೀರು ಹೊಯ್ದು ಅದು ಸರಾಗ ಇಳಿಯುವುದನ್ನು ನೋಡಿ. ಬಾಗಿಲ ರಬ್ಬರಿನ ಮಡಿಕೆಗಳಲ್ಲಿ ಕಪ್ಪು ಬೂಸ್ಟು ಕೂರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಅದಕ್ಕೆ ಸರಿ.

ತಿಂಗಳಿಗೊಮ್ಮೆ ಕಂಡೆನ್ಸರ್. ಎಣ್ಣೆ ಕಾಯಿಸುವ ಅಂಗಡಿಯಾದರೆ ಹದಿನೈದು ದಿನಕ್ಕೆ. ಪ್ಲಗ್ ಕಿತ್ತು, ಕೆಳಗಿನ ಜಾಲರಿ ಬಿಚ್ಚಿ, ಮೆತ್ತಗಿನ ಬ್ರಷ್ಷನ್ನು ರೆಕ್ಕೆಗಳ ಉದ್ದಕ್ಕೆ ಮೇಲೆ ಕೆಳಗೆ ಎಳೆಯಿರಿ. ಅಡ್ಡ ಎಳೆದರೆ ರೆಕ್ಕೆ ಮಡಚಿ ಗಾಳಿ ಕಟ್ಟುತ್ತದೆ. ಮೈದಾ ಧೂಳು, ಎಣ್ಣೆ ಸೇರಿ ಅಂಟಾಗಿದ್ದರೆ ಸೋಪುನೀರು ಬೇಕು, ಕಾರು ತೊಳೆಯುವ ಪ್ರೆಷರ್ ಪಂಪ್ ಬೇಡ. ಹೊರಗೆ ಕೂರಿಸಿದ ಯುನಿಟ್ ಆದರೆ ಬಾವಿಯ ಸಿಹಿನೀರಿನಲ್ಲಿ ಉಪ್ಪನ್ನು ತೊಳೆದುಬಿಡಿ. ಜಾಲರಿ ಮುಚ್ಚುವ ಮೊದಲು ಟಾರ್ಚ್ ಹಾಕಿ ವಯರುಗಳನ್ನೊಮ್ಮೆ ನೋಡಿ. ಬೆಚ್ಚಗಿನ ಜಾಗವೆಂದು ಇಲಿ ಅಲ್ಲೇ ಮನೆ ಮಾಡುತ್ತದೆ, ರಿಲೇಯೊಳಗೆ ಇರುವೆ ಸೇರುತ್ತದೆ.

"ಗ್ಯಾಸ್ ಹಾಕ್ಬೇಕು" ಎಂದರೆ

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿ ಹೋಗುವವನನ್ನು ಮೂರು ತಿಂಗಳಲ್ಲಿ ಮತ್ತೆ ಕರೆಯಬೇಕಾಗುತ್ತದೆ. ನಮ್ಮ ಕಸುಬಿನವರಿಗೆ ಇಷ್ಟವಾಗದಿದ್ದರೂ ಹೇಳಿಬಿಡುತ್ತೇನೆ, ಕೇಳಬೇಕಾದ್ದು ಇಷ್ಟು: ನೈಟ್ರೋಜನ್ ತುಂಬಿಸಿ ಸೋರಿಕೆ ನೋಡಿದಿರಾ? ಕೊಳವೆಯೊಳಗಿನ ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸಿದಿರಾ? ಕೊಳವೆಯ ಗಾಳಿ ಎಳೆಯಲು ವ್ಯಾಕ್ಯೂಮ್ ಪಂಪ್ ಹಾಕಿದಿರಾ? ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದಿರಾ? ಪಟ್ಟಿಯಲ್ಲಿ ಬರೆದ ಗ್ರಾಂ ಲೆಕ್ಕ ಆಗ ಬೇಕಾಗುತ್ತದೆ, ಫೋಟೊ ತೆಗೆದಿಡಿ ಎಂದದ್ದು ಅದಕ್ಕೆ.

ಹೊಸ ಕೌಂಟರುಗಳಲ್ಲಿ ಆರ್-290 ಎಂಬ ಗ್ಯಾಸ್ ಹೆಚ್ಚುತ್ತಿದೆ. ಅದು ಪ್ರೊಪೇನ್, ಅಡುಗೆ ಸಿಲಿಂಡರಿನ ಗ್ಯಾಸಿನ ಹತ್ತಿರದ ನೆಂಟ. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಹಳೆಯ ಆರ್-134ಎ, ಆರ್-404ಎಗಳಿಗಿಂತ ಎಷ್ಟೋ ಪಾಲು ವಾಸಿ, ಕರೆಂಟೂ ಕಡಿಮೆ ತಿನ್ನುತ್ತದೆ. ಆದರೆ ಬೆಂಕಿ ಹಿಡಿಯುತ್ತದೆ. ಕಂಪ್ರೆಸರಿನ ಮೇಲೆ ಜ್ವಾಲೆಯ ಚಿತ್ರದ ಹಳದಿ ತ್ರಿಕೋನ ಕಂಡರೆ, ಆ ಗ್ಯಾಸಿನ ಕೆಲಸ ಕಲಿತವರನ್ನೇ ಕರೆಯಿರಿ. ಗ್ಯಾಸ್ ಪೂರ್ತಿ ಹೊರಹಾಕಿ ನೈಟ್ರೋಜನ್ ಬಿಟ್ಟ ಮೇಲೆಯೇ ಬೆಸುಗೆ. ಹಳೆಯ ಆರ್-134ಎ ಕೌಂಟರಿಗೆ ಇದನ್ನು ತುಂಬಿಸಿದರೆ ಅಗ್ಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ಚಾ ಕುಡಿಸಿ ಕಳಿಸಿ. ಆ ಕೌಂಟರಿನ ಸ್ವಿಚ್ಚು, ರಿಲೇಗಳನ್ನು ಕಿಡಿ ಹೊರಬರದ ಹಾಗೆ ಮಾಡಿರುವುದಿಲ್ಲ.

ಅಂಗಡಿ ಮುಚ್ಚಿಡುವಾಗ

ಮೀನಿನ ಅಂಗಡಿಯವರಿಗೆ ಇದು ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟು ದಡದಲ್ಲಿ. ಅಂಜಲ್, ಬಂಗುಡೆ ಬಾರದಿದ್ದರೆ ಕೌಂಟರ್ ಖಾಲಿ. ಸ್ವಿಚ್ ತೆಗೆದು ಬಾಗಿಲು ಮುಚ್ಚಿಟ್ಟು ಹೋದರೆ ಎರಡು ತಿಂಗಳಲ್ಲಿ ಒಳಗೆ ಬೂಸ್ಟಿನ ತೋಟವೇ ಎದ್ದಿರುತ್ತದೆ. ಮುಚ್ಚುವ ದಿನ ಮೀನಿನ ರಕ್ತ, ಉಪ್ಪುನೀರು ಪೂರಾ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಿಸಿ. ಬಾಗಿಲು ಪೂರ್ತಿ ಮುಚ್ಚದ ಹಾಗೆ ಸಂದಿಗೆ ಒಂದು ಮರದ ತುಂಡು ಸಿಕ್ಕಿಸಿ. ಪ್ಲಗ್ ಕಿತ್ತು ಮೇಲಿಡಿ. ಡ್ರೈನಿನ ಬಾಯಿಗೆ ಜಾಲರಿ ಕಟ್ಟಿ. ಯು ಬಾಗಿನ ನೀರು ಆರಿತೆಂದರೆ ಜಿರಳೆಗಳಿಗೆ ದಾರಿ ತೆರೆದ ಹಾಗೆ.

ಜುಲೈ ಕೊನೆಯಲ್ಲಿ, ಬೋಟು ಇಳಿಯುವುದಕ್ಕೆ ಎರಡು ದಿನ ಮೊದಲೇ, ಡ್ರೈನಿಗೆ ನೀರು ಹೊಯ್ದು ನೋಡಿ, ವಯರು ನೋಡಿ, ಫ್ಯಾನಿನ ರೆಕ್ಕೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ. ಆಮೇಲೆ ಸ್ವಿಚ್ ಹಾಕಿ ಖಾಲಿ ಓಡಿಸಿ. ಏನಾದರೂ ತೊಂದರೆ ಇದ್ದರೆ ಆಗಲೇ ಫೋನ್ ಮಾಡಿ. ಆಗಸ್ಟ್ ಒಂದರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಮಾಡುತ್ತಾರೆ.